ಕೊಲೀಸಿಯಂ ಡಬ್ಬ ಇರಬಹುದು, ಆದರೆ...

ಅಮೆರಿಕದ ಓಕ್ಲೆಂಡ್ ಕೊಲೀಸಿಯಂ ಸ್ಟೇಡಿಯಂ ಬರೀ ಹಳೇ ಕಾಂಕ್ರೀಟ್ ಡಬ್ಬ, ಜನ ಬರುತ್ತಿರಲಿಲ್ಲ, ಎ'ಸ್ (ಅಥ್ಲೆಟಿಕ್ಸ್) ಬೇಸ್‌ಬಾಲ್ ತಂಡ ಊರು ಬಿಟ್ಟು ಹೋಗಿದ್ದೇ ಸರಿ ಎಂದು ಲೇಖನದಲ್ಲಿ ಬರೆದಿದ್ದೀರಿ. ಡಬ್ಬ ಅನ್ನೋದು ನಿಜ. ಅಮೆರಿಕನ್ ಫುಟ್‌ಬಾಲಿನ ರೈಡರ್ಸ್ ತಂಡಕ್ಕಾಗಿ 90ರ ದಶಕದಲ್ಲಿ ಎತ್ತರದ ಗ್ಯಾಲರಿ ಕಟ್ಟಿ, ಎದುರಿನ ಗುಡ್ಡಗಳನ್ನೇ ಮರೆಮಾಡಿದರು.

ಆದರೆ ಹತ್ತಿರದ ಫ್ರೀಮಾಂಟ್ ಊರಿನಲ್ಲಿ ಬೆಳೆದ ನಮ್ಮಂಥ ಮಕ್ಕಳಿಗೆ ಅದು ಜಾತ್ರೆಯೇ. ಬಾರ್ಟ್ ಎಂಬ ಸ್ಥಳೀಯ ರೈಲು ಇಳಿದು ಸೇತುವೆ ದಾಟಿದರೆ ಸ್ಟೇಡಿಯಂ. ಹೊರಗಿನ ತಿಂಡಿಗೂ ಬಿಡುತ್ತಿದ್ದರು, ಹಾಗಾಗಿ ಅಮ್ಮನ ಚಿತ್ರಾನ್ನ ಖಾಯಂ! ಅಪ್ಪನದು ಕ್ರಿಕೆಟ್ ತಲೆ. "ಚೆಂಡು ಹಿಂದಕ್ಕೆ ಹೋದ್ರೆ ರನ್ ಇಲ್ವಾ? ಇದ್ಯಾವ ನ್ಯಾಯ?" ಅಂತ ಪ್ರತಿ ಫೌಲ್‌ಗೂ (ಗೆರೆಯಾಚೆ ಹೋದ ಹೊಡೆತಕ್ಕೂ) ಗೊಣಗುತ್ತಿದ್ದರು. ಅಂಥವರೂ 2002ರ ಸೆಪ್ಟೆಂಬರ್ 4ರಂದು ಟಿವಿ ಮುಂದೆ ಎದ್ದು ಕುಣಿದರು. 11-0 ಮುಂದಿದ್ದ ಎ'ಸ್ 11-11ಕ್ಕೆ ಬಂದು ನಿಂತಿತ್ತು. ಕೊನೆಗೆ ನಮ್ಮ ಆಟಗಾರ ಹ್ಯಾಟಿಬರ್ಗ್ ಹೊಡೆದ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರ), ಸತತ 20ನೇ ಗೆಲುವು.

ಜನ ಬರಲಿಲ್ಲ ಅಂತೀರಲ್ಲ, ತಂಡದವರೇ ಒಳ್ಳೊಳ್ಳೆ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಕೊಟ್ಟರೆ ಯಾರು ಬರ್ತಾರೆ? 2024ರ ಸೆಪ್ಟೆಂಬರ್ 26ರಂದು ಎ'ಸ್ ಅಲ್ಲಿ ಆಡಿದ ಕೊನೆಯ ಮ್ಯಾಚಿಗೆ 46 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು. ಅದನ್ನೂ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?