ಕಣದಲ್ಲಿ ಚೆರ್ರಿ ಹರವಿಕೊಂಡು ಕೂತವರಿಗೆ ಒಂದು ಪತ್ರ

ಮೊನ್ನೆ ಹಾಸನದ ಕಡೆಯ ಹುಡುಗನೊಬ್ಬ ಮೆಸೇಜ್ ಮಾಡಿದ್ದ. "ಅಕ್ಕಾ, ನಾನೂ ಒಂದು ನ್ಯೂಸ್‌ಲೆಟರ್ ಶುರು ಮಾಡ್ಬೇಕು ಅಂತಿದೀನಿ. ಕೃಷಿ, ಹವಾಮಾನ, ಸರ್ಕಾರಿ ಯೋಜನೆ, ಮಾರ್ಕೆಟ್ ರೇಟು ಎಲ್ಲ ಇರುತ್ತೆ. ತಿಂಗಳಿಗೆ ಎಷ್ಟು ಚಂದಾ ಇಡಬಹುದು?" ಎರಡು ಸಾಲಿನ ಉತ್ತರ ಬರೆಯೋಣ ಅಂತ ಕೂತೆ. ಆಗಲಿಲ್ಲ. ಅವನ ಪಟ್ಟಿ ಮೂರು ವರ್ಷದ ಹಿಂದಿನ ನನ್ನ ಪಟ್ಟಿಯೇ ಆಗಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವನಂತೆ ಯೋಚಿಸುತ್ತಿರುವವರು ಇನ್ನೂ ಇದ್ದಾರೆ.

ನಾನು ಸಕಲೇಶಪುರದಿಂದ ವಾರಕ್ಕೊಂದು ಪತ್ರ ಕಳಿಸುತ್ತೇನೆ. ಇಮೇಲ್ ನೋಡುವವರಿಗೆ ಇಮೇಲ್, ಉಳಿದವರಿಗೆ ವಾಟ್ಸಾಪ್. ಓದುವವರೆಲ್ಲ ಕಾಫಿ ಬೆಳೆಗಾರರು. ನನ್ನ ಮನೆ ನಡೆಯುವುದು ಇದರಿಂದಲೇ.

ಮೊದಲ ವರ್ಷ ಹೀಗಿರಲಿಲ್ಲ. ಅಡಿಕೆ, ಶುಂಠಿ, ಕಾಫಿ, ಮೆಣಸು, ಹೈನುಗಾರಿಕೆ, ಸಬ್ಸಿಡಿ, ಮಳೆ ಮುನ್ಸೂಚನೆ ಎಲ್ಲ ಇತ್ತು. ಒಂದೊಂದು ಸಂಚಿಕೆ ಹನ್ನೊಂದು ಪುಟ. ಭಾನುವಾರ ರಾತ್ರಿ ಎರಡು ಗಂಟೆವರೆಗೆ ಕೂತು ಮುಗಿಸುತ್ತಿದ್ದೆ. ಪುಕ್ಕಟೆ ಓದುವವರು ಒಂಬೈನೂರು ಜನ ಆದರು. ಸಿಕ್ಕಿದವರೆಲ್ಲ "ಚೆನ್ನಾಗಿ ಬರ್ತಿದೆ" ಅನ್ನುತ್ತಿದ್ದರು. ಧೈರ್ಯ ಮಾಡಿ ತಿಂಗಳಿಗೆ 60 ರೂಪಾಯಿ ಅಂದೆ. ಕೊಟ್ಟವರು ಮೂವತ್ತನಾಲ್ಕು ಜನ. ಅದರಲ್ಲಿ ಹನ್ನೆರಡು ಜನ ನಮ್ಮ ನೆಂಟರು.

ಆ ಜನವರಿಯಲ್ಲಿ ದೊಡ್ಡಪ್ಪನ ಮನೆಗೆ ಹೋಗಿದ್ದೆ. ರೊಬಸ್ಟಾ ಕಾಫಿ ಕೊಯ್ಲು ನಡೀತಿತ್ತು. ಕಣದ ತುಂಬ ಚೆರ್ರಿ, ಅಂದರೆ ಕಾಫಿ ಹಣ್ಣು, ಹರವಿತ್ತು. ಮೊದಲ ಕೊಯ್ಲಿನದು ಒಣಗಿ ಮೂಟೆ ಕಟ್ಟಿಯಾಗಿತ್ತು. ದೊಡ್ಡಪ್ಪ ಫೋನ್ ತೆಗೆದು ನನ್ನ ಪತ್ರವನ್ನೇ ತೋರಿಸಿದರು. "ನೋಡಮ್ಮ, ಇದನ್ನ ಪೂರ್ತಿ ಓದಿದೀನಿ. ಲಂಡನ್‌ನಲ್ಲಿ ರೇಟು ಏರಿದೆ ಅಂತ ಬರ್ದಿದೀಯ. ಸಂತೋಷ. ಈಗ ಹೇಳು, ಆ ನಲವತ್ತು ಮೂಟೆ ಈ ವಾರ ಕೊಡ್ಲಾ, ಇಟ್ಕೊಳ್ಳಲಾ? ಕೊಟ್ರೆ ಎಷ್ಟು ಕೇಳ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹನ್ನೊಂದು ಪುಟ ಬರೆದವಳು ನಾನು. ಆ ಮನುಷ್ಯನಿಗೆ ಆ ದಿನ ಬೇಕಾಗಿದ್ದ ಒಂದೇ ಒಂದು ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ.

ಈ ಪ್ರಶ್ನೆ ಎಷ್ಟು ದೊಡ್ಡದು ಅಂತ ಆಮೇಲೆ ಗೊತ್ತಾಯಿತು. ನಮ್ಮ ಅಜ್ಜನ ಕಾಲದಲ್ಲಿ ಇದು ಇರಲೇ ಇಲ್ಲ. 1940ರ ದಶಕದಿಂದ ಬೆಳೆಗಾರರು ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರುವ ಒಟ್ಟು ದಾಸ್ತಾನಿಗೆ, ಕೊಡಬೇಕಿತ್ತು. ಮಾರುವುದು ಬೋರ್ಡಿನ ಕೆಲಸ. ದುಡ್ಡು ಕಂತಿನಲ್ಲಿ ಬರುತ್ತಿತ್ತು. 1992ರಿಂದ ಅದು ಸಡಿಲವಾಗುತ್ತಾ ಬಂತು. 1996ರ ಹೊತ್ತಿಗೆ ಎಲ್ಲರೂ ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ಒಳ್ಳೆಯದೇ ಆಯಿತು. ಆದರೆ ಯಾವಾಗ ಮಾರಬೇಕು, ಎಷ್ಟಕ್ಕೆ ಮಾರಬೇಕು ಅನ್ನುವ ತಲೆನೋವು ಬೋರ್ಡಿನಿಂದ ಎದ್ದು ನೇರವಾಗಿ ದೊಡ್ಡಪ್ಪನ ಕಣಕ್ಕೆ ಬಂದು ಕೂತಿತು. ದೊಡ್ಡ ಎಸ್ಟೇಟಿನವರಿಗೆ ಗೋಡೌನ್ ಇದೆ, ಕಾಯುವ ಶಕ್ತಿ ಇದೆ. ಐದೆಕರೆಯವರಿಗೆ ಶನಿವಾರ ಆಳಿನ ಕೂಲಿ ಕೊಡಬೇಕು.

ರೇಟು ಗೊತ್ತಿಲ್ಲದೆ ಇರುವುದು ಸಮಸ್ಯೆ ಅಲ್ಲ. ಕಾಫಿ ಬೋರ್ಡು ದಿನಾ ರೇಟು ಹಾಕುತ್ತದೆ, ಗ್ರೂಪುಗಳಲ್ಲೂ ಓಡಾಡುತ್ತದೆ. ರೊಬಸ್ಟಾಕ್ಕೆ ಜಗತ್ತಿನ ರೇಟು ತೋರಿಸುವ ಲಂಡನ್ ಮಾರುಕಟ್ಟೆಯ ಅಂಕಿ ತನ್ನ ಮೂಟೆಗೆ ಎಷ್ಟಾಗುತ್ತದೆ ಅನ್ನುವುದೇ ಜನಕ್ಕೆ ಗೊತ್ತಾಗುವುದಿಲ್ಲ. ಲಂಡನ್ ರೇಟು ಇರುವುದು ಟನ್ನಿಗೆ, ಡಾಲರಿನಲ್ಲಿ, ಸಿಪ್ಪೆ ತೆಗೆದ ಬೀಜಕ್ಕೆ. ನಮ್ಮವರು ಕೊಡುವುದು 50 ಕೆಜಿ ಮೂಟೆ, ರೂಪಾಯಿಯಲ್ಲಿ, ಸಿಪ್ಪೆ ಸಮೇತ ಒಣಗಿದ ಚೆರ್ರಿ. ನಡುವೆ ಔಟ್‌ಟರ್ನ್ ಇದೆ. ಅಂದರೆ ಆ 50 ಕೆಜಿಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ.

ಟನ್ನಿಗೆ 4,000 ಡಾಲರ್ ಇದೆ ಅಂತಿಟ್ಟುಕೊಳ್ಳಿ. ಡಾಲರಿಗೆ 85 ರೂಪಾಯಿ. ಕೆಜಿ ಬೀಜಕ್ಕೆ 340 ಆಯಿತು. ಔಟ್‌ಟರ್ನ್ 26 ಆದರೆ ಮೂಟೆಯ ಲೆಕ್ಕ 8,840. 28 ಆದರೆ 9,520. ಇದರಲ್ಲಿ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು), ಸಾಗಣೆ, ವ್ಯಾಪಾರಿಯ ಲಾಭ ಎಲ್ಲ ಕಳೆಯಬೇಕು, ಸರಿ. ಆದರೆ ಆ ಎರಡು ಪಾಯಿಂಟಿನ ನಡುವೆ ಮೂಟೆಗೆ 680 ರೂಪಾಯಿ ಇದೆ. ನಲವತ್ತು ಮೂಟೆಗೆ 27,200. ನಿಮ್ಮದು 28 ಇದ್ದೂ ಯಾರೋ ಕೈಯಲ್ಲಿ ಹಿಡಿದು ನೋಡಿ "26 ಅಷ್ಟೇ" ಅಂದರೆ, ನೀವು ತಲೆ ಆಡಿಸಿದರೆ, ಹೋದದ್ದು ಅಷ್ಟು. ಮನೆಯಲ್ಲೇ ಅರ್ಧ ಕೆಜಿ ಚೆರ್ರಿ ತೂಗಿ, ಸಿಪ್ಪೆ ಬಿಡಿಸಿ, ಬೀಜ ತೂಗಿದರೆ ಅಂದಾಜು ಸಿಕ್ಕೇಬಿಡುತ್ತದೆ. 280 ಗ್ರಾಂ ಬಂದರೆ 28. ಇಷ್ಟನ್ನು ಯಾರೂ ಕನ್ನಡದಲ್ಲಿ, ವಾರ ವಾರ, ಅವರ ಮೂಟೆ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ನನಗೆ ಆಗ ಸಿಟ್ಟು ಬಂದಿತ್ತು. ಈಗಲೂ ಬರುತ್ತದೆ.

ಮುಂದಿನ ವಾರದಿಂದ ಪತ್ರ ಒಂದೂವರೆ ಪುಟಕ್ಕೆ ಇಳಿಯಿತು. ಹತ್ತು ಎಕರೆಯೊಳಗಿನ ಕಾಫಿ ಬೆಳೆಗಾರರಿಗೆ ಮಾತ್ರ. ಮೂಟೆ ಕೊಡಬೇಕಾ, ಇಡಬೇಕಾ, ಎಷ್ಟು ಕೇಳಬೇಕು. ಇಷ್ಟೇ. ಕೊಡಿ ಅಂತಲೂ ಹೇಳುವುದಿಲ್ಲ, ಇಡಿ ಅಂತಲೂ ಹೇಳುವುದಿಲ್ಲ. ಲೆಕ್ಕ ಮುಂದಿಡುತ್ತೇನೆ. ಮಳೆ ಬಗ್ಗೆ ಈಗಲೂ ಬರೆಯುತ್ತೇನೆ, ಆದರೆ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಮುಂದಿನ ವರ್ಷದ ಫಸಲನ್ನು, ಅದರಿಂದ ಇಟ್ಟುಕೊಂಡ ಮೂಟೆಯ ಬೆಲೆಯನ್ನು ಮುಟ್ಟುತ್ತದೆ ಅನ್ನುವ ಕಾರಣಕ್ಕೆ. ಜಗತ್ತಿನಲ್ಲೇ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್ ಬಗ್ಗೆ ಬರೆಯುವುದೂ ಅದಕ್ಕೇ. 2024ರಲ್ಲಿ ಲಂಡನ್ ರೊಬಸ್ಟಾ 5,000 ಡಾಲರ್ ದಾಟಿದಾಗ ಎಲ್ಲ ಕಡೆ ಅದೇ ಸುದ್ದಿ. ನಮ್ಮ ಪತ್ರದಲ್ಲಿ ಮೇಲೆ ಇದ್ದದ್ದು ಒಂದೇ ಸಾಲು: ನಿಮ್ಮ 26ರ ಮೂಟೆಗೆ ಇಷ್ಟು, 28ರ ಮೂಟೆಗೆ ಇಷ್ಟು.

ಶುಂಠಿಯವರು ಬಿಟ್ಟು ಹೋದರು. ಅಡಿಕೆಯವರು ಬೇಜಾರು ಮಾಡಿಕೊಂಡರು. ಒಂದೇ ತಿಂಗಳಲ್ಲಿ ಓದುವವರು ಅರ್ಧಕ್ಕೆ ಇಳಿದರು. ಆ ತಿಂಗಳು ನಿದ್ದೆ ಬರಲಿಲ್ಲ. ಕಾಸು ಕೊಡುವವರು ಮಾತ್ರ ಎರಡನೇ ತಿಂಗಳಿಂದ ಏರಿದರು. ಆ ಕೊಯ್ಲು ಮುಗಿಯುವಾಗ ಇನ್ನೂರು ದಾಟಿತ್ತು.

ಫೋಕಸ್ ಅಂದರೆ ಒಂದು ವಿಷಯ ಹಿಡಿದು ಕೂರುವುದು ಅಂತ ನಾನೂ ತಿಳಿದಿದ್ದೆ. ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆ ನೋಡಿ ಆ ಯೋಚನೆ ಬದಲಾಯಿತು. 1988ರಲ್ಲಿ ಶುರುವಾದದ್ದು. ಹೆಸರಿನಲ್ಲಿ ಅಡಿಕೆ ಇದೆ, ಒಳಗೆ ಹಲಸು, ಮಳೆನೀರು, ತರಕಾರಿ ಎಲ್ಲ ಇದೆ. ಆದರೂ ಅದು ಕಲಸುಮೇಲೋಗರ ಅನ್ನಿಸುವುದೇ ಇಲ್ಲ. ಅದನ್ನು ನಡೆಸುವ ಶ್ರೀ ಪಡ್ರೆಯವರೂ ಅವರ ಜೊತೆಯವರೂ ಒಂದು ಮಾತು ಗಟ್ಟಿಯಾಗಿ ಹಿಡಿದರು. ಬರೆಯುವವರೂ ಕೃಷಿಕರು, ಓದುವವರೂ ಕೃಷಿಕರು. ಅದಕ್ಕಾಗಿ ಕೃಷಿಕರಿಗೆ ಬರೆಯುವುದನ್ನೂ ಕಲಿಸಿದರು. ಯಾರ ಕಣದಲ್ಲಿ ನಿಂತಿದ್ದೇವೆ ಅನ್ನುವುದು ಅವರಿಗೆ ಗೊತ್ತಿತ್ತು. ಹಾಗಾಗಿ ವಿಷಯ ಎಷ್ಟೇ ಹರಡಿದರೂ ಪತ್ರಿಕೆ ಚದುರಲಿಲ್ಲ.

ಕಳೆದ ವರ್ಷ ಒಬ್ಬ ವ್ಯಾಪಾರಿ ಬಂದಿದ್ದರು. ಒಳ್ಳೆಯ ಮನುಷ್ಯರೇ. "ಮುನ್ನೂರು ಬೆಳೆಗಾರರ ಚಂದಾ ನಾನೇ ಕಟ್ತೀನಮ್ಮ, ನಮ್ಮ ಕಡೆಯಿಂದ ಉಡುಗೊರೆ ಅಂತ ಕೊಡಿ" ಅಂದರು. ವರ್ಷಕ್ಕೆ ಎರಡು ಲಕ್ಷದ ಮೇಲೆ. ಮನೆ ಸೂರು ರಿಪೇರಿ ಆಗಬೇಕಿತ್ತು, ಆಸೆ ಆಯಿತು. ಆದರೆ ಮುಂದಿನ ಜನವರಿಯಲ್ಲಿ ಔಟ್‌ಟರ್ನ್ ಬಗ್ಗೆ ಬರೆಯುವಾಗ ನನ್ನ ಕೈ ತಡೆಯುತ್ತಿತ್ತು. ಅವರು ಏನೂ ಹೇಳದಿದ್ದರೂ ತಡೆಯುತ್ತಿತ್ತು. ಬೇಡ ಅಂದೆ. ಲಂಕೇಶ್ ಪತ್ರಿಕೆ 1980ರಿಂದ ಜಾಹೀರಾತು ತೆಗೆದುಕೊಳ್ಳದೆ ಓದುಗರ ದುಡ್ಡಿನಲ್ಲೇ ನಡೆದದ್ದು ನಮ್ಮ ಕಣ್ಣ ಮುಂದೆಯೇ ಇದೆ ಅಲ್ವಾ. ಅಮೆರಿಕದಲ್ಲಿ ಐ. ಎಫ್. ಸ್ಟೋನ್ ಅನ್ನುವ ಪತ್ರಕರ್ತರು 1953ರಲ್ಲಿ ನಾಲ್ಕು ಪುಟದ ವಾರಪತ್ರ ಶುರು ಮಾಡಿದರು. ಅವರೂ ಜಾಹೀರಾತು ಮುಟ್ಟಲಿಲ್ಲ. ಸುಮಾರು 5,300 ಚಂದಾದಾರರಿಂದ ಶುರುವಾಗಿ, 1971ರಲ್ಲಿ ನಿಲ್ಲಿಸುವಾಗ 70,000ದ ಹತ್ತಿರ ಬಂದಿದ್ದರು. ಅವರ ಬಂಡವಾಳ ಗುಟ್ಟಿನ ಸುದ್ದಿ ಅಲ್ಲ. ಸರ್ಕಾರವೇ ಅಚ್ಚು ಹಾಕಿಸಿದ ಕಾಗದಗಳನ್ನು ಕೂತು ಪೂರ್ತಿ ಓದುತ್ತಿದ್ದರು. ಬೋರ್ಡಿನ ರೇಟು ಪಟ್ಟಿ ತೆರೆದಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ.

ಈಗ ಓದುಗರು ಕಾಳುಮೆಣಸನ್ನೂ ಸೇರಿಸಿ ಅನ್ನುತ್ತಿದ್ದಾರೆ. ಅದೇ ತೋಟ, ಅದೇ ಮರಕ್ಕೆ ಹಬ್ಬಿದ ಬಳ್ಳಿ, ಅದೇ ಬೆಳೆಗಾರ. ಒಣಗಿದ ಮೆಣಸು ಕೆಡದೆ ವರ್ಷಗಟ್ಟಲೆ ಉಳಿಯುತ್ತದೆ. ಕೂಲಿಗೆ ದುಡ್ಡು ಬೇಕಾದಾಗ ಕಾಫಿ ಕೊಡಬೇಕಾ, ಮೆಣಸು ಕೊಡಬೇಕಾ ಅನ್ನುವುದು ಅವರ ಮನೆಯ ನಿಜವಾದ ಪ್ರಶ್ನೆ. ಹಾಗಾಗಿ ಸೇರಿಸುತ್ತೇನೆ. ಶುಂಠಿ ಸೇರಿಸುವುದಿಲ್ಲ.

ಆ ಹುಡುಗನಿಗೆ ಕೊನೆಗೆ ಬರೆದದ್ದು ಇಷ್ಟು: "ತಮ್ಮಾ, ಚಂದಾ ಎಷ್ಟು ಅಂತ ಆಮೇಲೆ ನೋಡೋಣ. ಈ ಶನಿವಾರ ನಿಮ್ಮೂರಲ್ಲಿ ಯಾರಾದರೂ ಒಬ್ಬರ ಕಣಕ್ಕೋ ಕೊಟ್ಟಿಗೆಗೋ ಹೋಗಿ ಕೂತ್ಕೋ. ಏನೂ ಹೇಳಬೇಡ. ಅವರು ಏನು ಕೇಳ್ತಾರೆ ಅಂತ ಬರ್ಕೊಂಡು ಬಾ."

ರಾತ್ರಿ ಉತ್ತರ ಬಂತು. ಅವನ ಅತ್ತೆ ಡೈರಿಗೆ ಹಾಲು ಹಾಕುತ್ತಾರಂತೆ. ಅಲ್ಲಿಗೇ ಹೋಗ್ತೀನಿ ಅಂದ.