ಎರಡು ಡೊಮೇನ್‌ಗೆ ಎರಡು ಸರ್ವರ್ ಬೇಕಿಲ್ಲ, ನನ್ನ ಮೆಸೇಜ್ ತಪ್ಪು

"ಡೊಮೇನ್‌ಗೊಂದು ಸರ್ವರ್, ಒಂದು ಐಪಿ ಇಲ್ಲದಿದ್ದರೆ ಮೇಲ್ ಸ್ಪ್ಯಾಮ್‌ಗೆ ಹೋಗುತ್ತೆ" ಅಂತ ಬಾಗಲಕೋಟೆ ಕಡೆಯ ವ್ಯಾಪಾರಿಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿರುವ ಮೆಸೇಜ್ ಬರೆದವನು ನಾನೇ. ಅದು ತಪ್ಪು.

ಒಂದೇ ಐಪಿಯಿಂದ, ಅಂದರೆ ಸರ್ವರ್‌ನ ಒಂದೇ ಇಂಟರ್ನೆಟ್ ವಿಳಾಸದಿಂದ, ಹಲವು ಡೊಮೇನ್‌ಗಳ (ಮೇಲ್ ವಿಳಾಸದಲ್ಲಿ @ ಆದಮೇಲಿನ ಹೆಸರು) ಮೇಲ್ ಕಳಿಸಬಹುದು. ಪ್ರತಿ ಡೊಮೇನ್‌ಗೂ ಅದರದ್ದೇ ಎಸ್‌ಪಿಎಫ್ (ಆ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳುವ ಸಾಲು), ಡಿಕೆಐಎಂ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಇರಲಿ, ಡಿಮಾರ್ಕ್ (ಈ ಪರೀಕ್ಷೆಗಳಲ್ಲಿ ಫೇಲಾದ ಮೇಲ್ ಏನು ಮಾಡಬೇಕು ಅಂತ ಹೇಳುವ ಸಾಲು) ಕೂಡ ಹಾಕಿಬಿಡಿ. ರಿವರ್ಸ್ ಡಿಎನ್‌ಎಸ್ (ಈ ಐಪಿ ಯಾವ ಹೆಸರಿನದು ಅಂತ ತೋರಿಸುವ ದಾಖಲೆ) ಮಾತ್ರ ಒಂದೇ ಸಾಕು, ಅದು ಸರ್ವರ್‌ನ ಹೆಸರಿಗೆ ಹೊಂದಬೇಕು, ಕಳಿಸುವ ಡೊಮೇನ್‌ಗೆ ಅಲ್ಲ.

ನನಗೆ ಇಳಕಲ್ ಸೀರೆಗೊಂದು ಡೊಮೇನ್, ಗುಳೇದಗುಡ್ಡ ಖಣಕ್ಕೊಂದು. ಖಣದ ಬಿಲ್‌ಗಳಷ್ಟೇ ಸ್ಪ್ಯಾಮ್‌ಗೆ ಬೀಳುತ್ತಿದ್ದವು, ನಾನು ಸುಮ್ನೆ ಐಪಿ ಮೇಲೆ ಗೂಬೆ ಕೂರಿಸಿದೆ. ಆಮೇಲೆ ಜಿಮೇಲ್‌ನಲ್ಲಿ ಆ ಮೇಲ್‌ನ 'ಶೋ ಒರಿಜಿನಲ್' ತೆರೆದು ನೋಡಿದರೆ ಎಸ್‌ಪಿಎಫ್ ಎದುರು 'ಪರ್ಮ್‌ಎರರ್', ಅಂದರೆ ದಾಖಲೆಯೇ ತಪ್ಪು ಅಂತಿದೆ! ಹಳೆಯ ಎಸ್‌ಪಿಎಫ್ ಸಾಲು ಅಳಿಸದೆ ಹೊಸದೊಂದು ಹಾಕಿದ್ದೆ. ಡೊಮೇನ್‌ಗೆ ಒಂದೇ ಇರಬೇಕು ಅಂತ ಎಸ್‌ಪಿಎಫ್‌ನ ನಿಯಮಗಳಿರುವ 2014ರ ದಾಖಲೆ ಆರ್‌ಎಫ್‌ಸಿ 7208ರಲ್ಲೇ ಇದೆ. ಎರಡನ್ನೂ ಸೇರಿಸಿ ಒಂದು ಸಾಲು ಮಾಡಿದೆ. ಡಿಕೆಐಎಂ ಸಹಿಯೂ ಸೀರೆ ಡೊಮೇನ್ ಹೆಸರಲ್ಲೇ ಹೋಗುತ್ತಿತ್ತು, ಅದನ್ನೂ ಬದಲಿಸಿದೆ. ಈಗ ಬಿಲ್ ಇನ್‌ಬಾಕ್ಸ್‌ಗೆ ಹೋಗುತ್ತಿದೆ, ಸರ್ವರ್ ಅದೇ.

ಒಂದು ಮಾತು ಮಾತ್ರ ನಿಜ. ಒಂದು ಡೊಮೇನ್‌ನಿಂದ ಕಂಡಕಂಡವರಿಗೆಲ್ಲ ಆಫರ್ ಮೇಲ್ ಕಳಿಸಿದರೆ ಅದೇ ಐಪಿಯ ಇನ್ನೊಂದಕ್ಕೂ ಕೆಟ್ಟ ಹೆಸರು ಬರುತ್ತೆ.

ಹಳೆಯ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಕಳಿಸಿದ್ದರೆ ಅಲ್ಲಿ ಇದನ್ನೂ ಹಾಕಿ.