ಬರ್ಲಿನ್ ಸೇಫಾ ಅಂತ ಕೇಳೋರಿಗೆ

ಸೆಪ್ಟೆಂಬರ್ ಹತ್ರ ಬರ್ತಿದ್ದಂಗೆ ನನ್ನ ಇನ್‌ಬಾಕ್ಸ್‌ಗೆ ಬರೋ ಮೆಸೇಜ್ ಎಲ್ಲಾ ಹೆಚ್ಚುಕಮ್ಮಿ ಒಂದೇ ತರ ಇರತ್ತೆ. ಅಕ್ಟೋಬರ್‌ಗೆ ವಿಂಟರ್ ಸೆಮಿಸ್ಟರ್ ಶುರು ಅಲ್ವಾ, ಅದಕ್ಕೆ ಬರೋ ಹುಡುಗ್ರು ಹುಡ್ಗೀರು, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮ, "ಮೇಡಂ ಬರ್ಲಿನ್ ಸೇಫಾ, ಯಾವ್ ಏರಿಯಾ ಕಡೆ ಹೋಗ್ಬಾರ್ದು" ಅಂತ ಕೇಳ್ತಾರೆ. ಕೇಳೋದು ಸಹಜ, ಮಗಳನ್ನ ಅಷ್ಟು ದೂರ ಕಳ್ಸೋರಿಗೆ ಹೊಟ್ಟೆಲಿ ಸಂಕಟ ಇದ್ದೇ ಇರತ್ತೆ. ಆದ್ರೆ ನನಗೆ ಭಯ ಆಗೋ ವಿಷಯ ಏರಿಯಾ ಅಲ್ಲ. ಏನಾದ್ರೂ ಆದಾಗ ನಮ್ಮ ಮಕ್ಕಳು ಯಾರನ್ನೂ ಕರೆಯಲ್ಲ, ಹಲ್ಲು ಕಚ್ಕೊಂಡು ರೂಮಿಗೆ ಬಂದು ಮಲಗ್ತಾರೆ, ಅದು ನನಗೆ ಭಯ.

ಏರಿಯಾ ವಿಷಯ ಮೊದ್ಲು ಮುಗಿಸ್ಬಿಡ್ತೀನಿ. ಕೊಟ್‌ಬುಸರ್ ಟೋರ್, ಗೋರ್ಲಿಟ್ಸರ್ ಪಾರ್ಕ್, ಹರ್ಮನ್‌ಪ್ಲಾಟ್ಸ್, ವಾರ್ಶಾವರ್ ಸ್ಟೇಷನ್ ಸೇತುವೆ, ಅಲೆಕ್ಸಾಂಡರ್‌ಪ್ಲಾಟ್ಸ್, ಎಲ್ಲರೂ ಹೇಳೋ ಹೆಸರುಗಳು ಇವೇ. ಸುಳ್ಳೇನಲ್ಲ, ಡ್ರಗ್ಸ್ ಮಾರೋರು ಇದಾರೆ, ಜೇಬುಗಳ್ಳರು ಇದಾರೆ, ಕೊಟ್‌ಬುಸರ್ ಟೋರ್‌ನಲ್ಲಿ 2023ರಲ್ಲಿ ಅದಕ್ಕಂತಲೇ ಒಂದು ಪೊಲೀಸ್ ಠಾಣೆ ತೆಗೆದ್ರು. ಆದ್ರೆ ಇವುಗಳಲ್ಲಿ ಕೆಲವು ಜಾಗಗಳ ಮೇಲೆ ಹೋಗೋ ಯು8 ಮೆಟ್ರೋ ಹತ್ತಲ್ಲ ಅಂತ ಶಪಥ ಮಾಡಿ ಈ ಊರಲ್ಲಿ ಬದುಕೋಕಾಗಲ್ಲ. ಪ್ಲಾಟ್‌ಫಾರ್ಮ್ ಮೇಲೆ ನಶೇಲಿ ಕೂತಿರೋರು ಕಾಯಿಲೆ ಬಿದ್ದ ಜನ, ನಿಮ್ಮನ್ನ ಹೊಡೆಯೋಕೆ ಅಂತ ಕೂತಿರಲ್ಲ, ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತ್ರೆ ಆಯ್ತು. ಬಾಗಿಲ ಪಕ್ಕದ ಸೀಟಲ್ಲಿ ಕೂತು ಫೋನ್ ಕೈಲಿ ಹಿಡ್ಕೊಂಡಿರ್ಬೇಡಿ, ಬಾಗಿಲು ಮುಚ್ಚೋ ಹೊತ್ತಿಗೆ ಕಿತ್ಕೊಂಡು ಇಳಿದು ಓಡ್ತಾರೆ. ರಾತ್ರಿ ಯಾರಾದ್ರೂ ಕುಣಿಯೋ ನೆಪದಲ್ಲಿ ಹೆಗಲ ಮೇಲೆ ಕೈ ಹಾಕಿದ್ರೆ ಪರ್ಸ್ ಹಿಡ್ಕೊಳ್ಳಿ. ಪಾಸ್‌ಪೋರ್ಟ್ ರೂಮಲ್ಲೇ ಇರ್ಲಿ. ಬ್ಯಾಂಕ್ ಕಾರ್ಡ್ ಕಳೆದ್ರೆ 116 116ಕ್ಕೆ ಫೋನ್ ಮಾಡಿ ಬ್ಲಾಕ್ ಮಾಡ್ಸಿ. ಆಮೇಲೆ "ಆ ದೇಶದೋರು ಇರೋ ಕಡೆ ಮನೆ ಮಾಡ್ಬೇಡಿ" ಅಂತ ಗ್ರೂಪಲ್ಲಿ ಬರೆಯೋರ ಮಾತು ದಯವಿಟ್ಟು ಕೇಳ್ಬೇಡಿ. ನಾನು ನಾಯ್‌ಕೋಲ್ನ್ ಅನ್ನೋ ಏರಿಯಾದಲ್ಲಿ ಟರ್ಕಿಯವರು ಅರಬ್ಬರು ತುಂಬಿರೋ ಬೀದೀಲೇ ಇದ್ದಿದ್ದು, ರಾತ್ರಿ ಹನ್ನೊಂದಕ್ಕೂ ಅಂಗಡಿ ತೆರೆದಿರತ್ತೆ, ಜನ ಓಡಾಡ್ತಿರ್ತಾರೆ, ಒಬ್ಬಳೇ ನಡೆಯೋ ಹುಡುಗಿಗೆ ಅದಕ್ಕಿಂತ ಧೈರ್ಯ ಇನ್ನೇನು ಬೇಕು.

ಈಗ ಅಸಲು ವಿಷಯ. ದಾವಣಗೆರೆ ಕಡೆ ಹುಡುಗ ಒಬ್ಬ, ಮಾಸ್ಟರ್ಸ್ ಮಾಡ್ತಿದ್ದ, ಸಂಜೆ ಹೊತ್ತು ಸೈಕಲ್ ಮೇಲೆ ಫುಡ್ ಡೆಲಿವರಿ. ಪ್ರೆನ್ಸ್‌ಲವರ್ ಬೆರ್ಗ್ ಏರಿಯಾದಲ್ಲಿ ಮಳೆ ಬರ್ತಿದ್ದಾಗ ಟ್ರಾಮ್ ಹಳಿ ಒಳಗೆ ಚಕ್ರ ಸಿಕ್ಕಾಕೊಂಡು ಬಿದ್ದ. ಹೊಸಬರಿಗೆಲ್ಲ ಇದು ಗೊತ್ತಿರಲ್ಲ, ಹಳಿ ಉದ್ದಕ್ಕೆ ಪಕ್ಕ ಪಕ್ಕದಲ್ಲೇ ಹೋಗ್ತಾ ಓರೆಯಾಗಿ ದಾಟಬಾರ್ದು, ಆದಷ್ಟು ಅಡ್ಡಕ್ಕೆ ನೇರ ದಾಟಬೇಕು, ಮಳೇಲಂತೂ ಇಳಿದು ತಳ್ಕೊಂಡು ಹೋದ್ರೂ ನಷ್ಟ ಇಲ್ಲ. ಹಾಗೇ ಬಲಕ್ಕೆ ತಿರುಗೋ ಲಾರಿ ಪಕ್ಕ ಯಾವತ್ತೂ ನುಗ್ಬೇಡಿ, ಡ್ರೈವರ್‌ಗೆ ನೀವು ಕಾಣಲ್ಲ, ಈ ಊರಲ್ಲಿ ಸೈಕಲ್‌ನೋರ ಜೀವ ಹೋಗೋದು ಎಷ್ಟೋ ಸಲ ಹಾಗೇನೇ. ಆ ಹುಡುಗನಿಗೆ ಕಾಲರ್ ಬೋನ್ ಮುರಿದಿತ್ತು. ದಾರೀಲಿ ಹೋಗ್ತಿದ್ದ ಒಬ್ಬ ಹೆಂಗಸು ಆಂಬುಲೆನ್ಸ್ ಕರೀತೀನಿ ಅಂತ ಫೋನ್ ತೆಗೆದ್ರೆ ಇವನು ಬೇಡ ಬೇಡ ನಾನು ಚೆನ್ನಾಗಿದೀನಿ ಅಂತ ಕೈಮುಗಿದು, ಮುರಿದ ಮೂಳೆ ಇಟ್ಕೊಂಡು ಟ್ರಾಮ್ ಹತ್ತಿ ರೂಮಿಗೆ ಹೋಗಿದಾನೆ. ಮಾರನೇ ದಿನ ಕೈ ಎತ್ತೋಕಾಗ್ದೇ ಇದ್ದಾಗ ರೂಮ್‌ಮೇಟ್ ನನಗೆ ಫೋನ್ ಮಾಡಿದ್ದು.

ಯಾಕಪ್ಪ ಹಿಂಗ್ ಮಾಡ್ದೆ ಅಂದ್ರೆ ಎರಡು ಕಾರಣ ಹೇಳ್ದ. ಒಂದು, ಆಂಬುಲೆನ್ಸ್‌ಗೆ ಸಾವಿರಾರು ಯೂರೋ ಬಿಲ್ ಬರತ್ತೆ ಅಂತ, ಅಮೆರಿಕದ ರೀಲ್ಸ್ ನೋಡಿ ತಲೇಲಿ ಕೂತಿದ್ದು. ಇಲ್ಲಿ ಸ್ಟೂಡೆಂಟ್‌ಗಳು ಕಟ್ಟೋ ಸರ್ಕಾರಿ ವ್ಯವಸ್ಥೆಯ ಹೆಲ್ತ್ ಇನ್ಶೂರೆನ್ಸ್ ಇದ್ರೆ ತುರ್ತಿಗೆ ಕರೆದ ಆಂಬುಲೆನ್ಸ್‌ಗೆ ನೀವು ಕೊಡ್ಬೇಕಾಗೋದು ಜಾಸ್ತಿ ಅಂದ್ರೆ 10 ಯೂರೋ. ಹತ್ತು! (30 ದಾಟಿದೋರು, ಖಾಸಗಿ ಇನ್ಶೂರೆನ್ಸ್ ತಗೊಂಡೋರು ಮಾತ್ರ ಮೊದ್ಲೇ ಪಾಲಿಸಿ ಓದಿ ಇಟ್ಕೊಳ್ಳಿ.) ಎರಡನೇದು, ಕೆಲಸ ಕೊಡಿಸಿದ ಸಬ್‌ಕಾಂಟ್ರಾಕ್ಟರ್ ಹೇಳಿದ್ನಂತೆ, ಪೊಲೀಸ್ ಬಂದ್ರೆ ನಿನ್ನ ವೀಸಾ ಹೋಗತ್ತೆ ಅಂತ. ಇದು ನನ್ನ ಹೊಟ್ಟೆ ಉರಿಸತ್ತೆ. ಕೈಗೆ ಕ್ಯಾಶ್ ಕೊಟ್ಟು, ಪೇಪರ್ ಕೊಡದೆ, ನಮ್ಮ ಹುಡುಗರ ಹೆದರಿಕೆ ಮೇಲೆ ದುಡ್ಡು ಮಾಡೋ ಜನ ಇವರು, ಅದರಲ್ಲಿ ನಮ್ಮ ದೇಶದೋರೂ ಇದಾರೆ. ಸ್ಟೂಡೆಂಟ್‌ಗೆ ವರ್ಷಕ್ಕೆ 140 ಪೂರ್ತಿ ದಿನ ಅಥ್ವಾ 280 ಅರ್ಧ ದಿನ ಕೆಲಸ ಮಾಡೋ ಹಕ್ಕು ಕಾನೂನೇ ಕೊಟ್ಟಿದೆ, ಕಳ್ಳದಾರಿ ಬೇಕಾಗಿಲ್ಲ. ಮೊದಲ ದಿನವೇ ಕಾಂಟ್ರಾಕ್ಟ್ ಕೇಳಿ, ಕೊಡಲ್ಲ ಅಂದ್ರೆ ವಾಪಸ್ ಬನ್ನಿ. ಇನ್ನೊಂದು ಗೊತ್ತಿರ್ಲಿ, ಮಾಲೀಕ ನಿಮ್ಮ ಹೆಸರು ರಿಜಿಸ್ಟರ್ ಮಾಡಿಸದೇ ಇದ್ರೂ ಕೆಲಸದಲ್ಲಿ ಆದ ಅಪಘಾತಕ್ಕೆ ಇಲ್ಲಿನ ಕಾನೂನಲ್ಲಿ ವಿಮೆ ಇದೆ. ಬರ್ಲಿನ್‌ನಲ್ಲಿ ಬೆಮಾ ಅಂತ ಸಲಹಾ ಕೇಂದ್ರ ಇದೆ, ಹೊರದೇಶದ ಕೆಲಸಗಾರರಿಗೆ ಅಂತಲೇ ಇರೋದು, ಫೀಸ್ ಇಲ್ಲ, ಹೋಗಿ ಕೇಳಿ.

ನಮ್ಮನ್ನ ಬೆಳೆಸಿರೋದೇ ಸ್ಟೇಷನ್ ಮೆಟ್ಟಿಲು ಹತ್ತಬಾರ್ದು ಅಂತ. ಮಾನವಂತರು ಕೋರ್ಟು ಕಚೇರಿ ಅಂತ ಅಲೀಬಾರ್ದು ಅಂತ. ಊರಲ್ಲಿ ಅದಕ್ಕೆ ಕಾರಣಗಳಿವೆ, ನಾನು ಅಲ್ಲ ಅನ್ನಲ್ಲ. ಆದ್ರೆ ಆ ಹೆದರಿಕೆನ ಸೂಟ್‌ಕೇಸ್‌ನಲ್ಲಿ ಹಾಕ್ಕೊಂಡು ಬರ್ಬೇಡಿ. ಪೊಲೀಸ್ ಬೇಕಂದ್ರೆ 110, ಆಂಬುಲೆನ್ಸ್ ಅಥ್ವಾ ಬೆಂಕಿ ಅಂದ್ರೆ 112, ಇಂಗ್ಲಿಷಲ್ಲಿ ಮಾತಾಡಿದ್ರೂ ಆಗತ್ತೆ. ಮೊದ್ಲು ಎಲ್ಲಿದೀರಿ ಹೇಳಿ, ರಸ್ತೆ ಹೆಸರು ಗೊತ್ತಿಲ್ಲ ಅಂದ್ರೆ ಹತ್ರದ ಮೆಟ್ರೋ ಸ್ಟೇಷನ್ ಹೆಸರು, ಆಮೇಲೆ ಏನಾಯ್ತು, ಅವರು ಸಾಕು ಅನ್ನೋವರೆಗೂ ಫೋನ್ ಇಡ್ಬೇಡಿ. ಜೀವಕ್ಕೆ ಅಪಾಯ ಇಲ್ಲ ಆದ್ರೆ ರಾತ್ರಿ ಜ್ವರ ಜೋರಾಗಿದೆ ಅಂದ್ರೆ 116 117, ಡಾಕ್ಟರ್ ವ್ಯವಸ್ಥೆ ಆಗತ್ತೆ. ಫೋನ್ ಕಳುವಾದ್ರೆ ಆನ್‌ಲೈನ್‌ನಲ್ಲೇ ಕಂಪ್ಲೇಂಟ್ ಕೊಡಬಹುದು, ಬರ್ಲಿನ್ ಪೊಲೀಸರ ಇಂಟರ್‌ನೆಟ್‌ವಾಖೆ ಅಂತ ವೆಬ್‌ಸೈಟ್ ಇದೆ. ಪೆಟ್ಟು ತಿಂದೋರು, ಕಳ್ಕೊಂಡೋರು ಕಂಪ್ಲೇಂಟ್ ಕೊಟ್ರು ಅಂತ ವೀಸಾ ಹೋಗಲ್ಲ. ಬಣ್ಣ ನೋಡಿ ಬೈದ್ರೆ, ಹೊಡೆದ್ರೆ, ರೀಚ್‌ಔಟ್ ಅನ್ನೋ ಸಂಸ್ಥೆ ಇದೆ, ಠಾಣೆಗೆ ಹೋಗೋ ಮುಂಚೆ ಅವರ ಹತ್ರ ಮಾತಾಡಬಹುದು. ಅಂಥದ್ದು ಆಗತ್ತೆ, ಆಗಲ್ಲ ಅಂತ ಸುಳ್ಳು ಸಮಾಧಾನ ಹೇಳೋಕೆ ನನಗೆ ಇಷ್ಟ ಇಲ್ಲ.

ಹುಡುಗೀರಿಗೆ ಸ್ವಲ್ಪ ಬೇರೆಯಾಗಿ ಹೇಳ್ಬೇಕು. ಶುಕ್ರವಾರ ಶನಿವಾರ ರಾತ್ರಿ ಮೆಟ್ರೋ ಬೆಳಗಿನವರೆಗೂ ಓಡತ್ತೆ, ವಾರದ ಮಧ್ಯೆ ನಿಲ್ಲತ್ತೆ, ಆಗ ನೈಟ್ ಬಸ್ಸೋ ಟ್ರಾಮೋ ಗತಿ. ಸಂಜೆ ಎಂಟರ ಮೇಲೆ ಬಸ್ ಡ್ರೈವರ್‌ಗೆ ಹೇಳಿದ್ರೆ ಎರಡು ಸ್ಟಾಪ್ ಮಧ್ಯೆ ಮನೆ ಹತ್ರಾನೇ ನಿಲ್ಲಿಸ್ತಾರೆ, ಸಂಕೋಚ ಇಲ್ದೆ ಕೇಳಿ. ಹೈಮ್‌ವೇಗ್‌ಟೆಲೆಫೋನ್ ಅಂತ ಸ್ವಯಂಸೇವಕರ ಸರ್ವಿಸ್ ಇದೆ, ಮನೆ ಬಾಗಿಲು ಮುಟ್ಟೋವರೆಗೂ ಫೋನಲ್ಲಿ ನಿಮ್ಮ ಜೊತೆ ಮಾತಾಡ್ತಿರ್ತಾರೆ, ನಂಬರ್ ಮೊದ್ಲೇ ಸೇವ್ ಮಾಡ್ಕೊಳ್ಳಿ. ಬಾಯ್‌ಫ್ರೆಂಡೋ ಫ್ಲ್ಯಾಟ್‌ಮೇಟೋ ಕೈ ಎತ್ತಿದ್ರೆ ಹೆಂಗಸರ ಸಹಾಯವಾಣಿ 116 016, ಇಪ್ಪತ್ನಾಲ್ಕು ಗಂಟೆ, ಹೆಸರು ಹೇಳ್ಬೇಕಾಗಿಲ್ಲ. "ಊರಲ್ಲಿ ಗೊತ್ತಾದ್ರೆ" ಅನ್ನೋ ಒಂದೇ ಭಯಕ್ಕೆ ತಿಂಗಳುಗಟ್ಟಲೆ ಸಹಿಸ್ಕೊಂಡೋರನ್ನ ನಾನು ನೋಡಿದೀನಿ.

ಮನೆ ಹುಡುಕೋರಿಗೆ: ಓನರ್ ಲಂಡನ್‌ನಲ್ಲಿದಾನೆ, ಅಡ್ವಾನ್ಸ್ ಹಾಕಿ, ಕೀ ಪೋಸ್ಟಲ್ಲಿ ಬರತ್ತೆ ಅಂದ್ರೆ ಅದು ಮೋಸ, ಅಲ್ಲಿಗೇ ಬಿಡಿ. ಡೆಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆ ಮೀರೋ ಹಂಗಿಲ್ಲ. ಬಂದು ಎರಡು ವಾರದೊಳಗೆ ಅನ್‌ಮೆಲ್ಡುಂಗ್ (ಇರೋ ಮನೆ ಅಡ್ರೆಸ್ ಸರ್ಕಾರಿ ಆಫೀಸಲ್ಲಿ ರಿಜಿಸ್ಟರ್ ಮಾಡೋದು) ಮಾಡಿಸ್ಬೇಕು, ಅದಕ್ಕೆ ಓನರ್ ಕಾಗದ ಕೊಡದೆ ಬೇರೆ ಯಾರದ್ದೋ ಅಡ್ರೆಸ್ ದುಡ್ಡಿಗೆ ಕೊಡಿಸ್ತೀನಿ ಅಂದ್ರೆ ಒಪ್ಕೋಬೇಡಿ. ಯೂರೋಪೋಲ್‌ನಿಂದ (ಯುರೋಪಿನ ಪೊಲೀಸ್ ಸಂಸ್ಥೆ) ಮಾತಾಡ್ತಿದೀವಿ, ನಿಮ್ಮ ಹೆಸರಲ್ಲಿ ಡ್ರಗ್ಸ್ ಪಾರ್ಸೆಲ್ ಸಿಕ್ಕಿದೆ ಅಂತ ಫೋನ್ ಬಂದ್ರೆ ಕಟ್ ಮಾಡಿ. ಸ್ಕ್ರೀನ್ ಮೇಲೆ 110 ಅಂತ ಕಂಡ್ರೂ ಕಟ್ ಮಾಡಿ, ಪೊಲೀಸರು ಆ ನಂಬರಿಂದ ಯಾವತ್ತೂ ಕಾಲ್ ಮಾಡಲ್ಲ.

ನೀರಿನ ವಿಷಯ ಮಾತ್ರ ಯಾರೂ ಕೇಳಲ್ಲ, ಅದಕ್ಕೆ ನಾನೇ ಹೇಳ್ತೀನಿ. ಜೂನ್ ಬಂತು ಅಂದ್ರೆ ಎಲ್ರೂ ವಾನ್‌ಸೇ, ಶ್ಲಾಖ್ಟನ್‌ಸೇ, ಮ್ಯುಗ್ಗಲ್‌ಸೇ ಅಂತ ಕೆರೆಗಳ ಕಡೆ ಹೋಗ್ತಾರೆ. ತುಂಗೇಲಿ ಈಜಿದೀನಿ, ತೋಟದ ಬಾವಿಗೆ ಹಾರಿದೀನಿ ಅನ್ನೋ ಹುಡುಗ್ರೇ ಮೊದ್ಲು ಇಳಿಯೋದು. ಮೇಲಿನ ನೀರು ಬೆಚ್ಚಗಿದ್ರೂ ಕೆಳಗೆ ಕೊರೆಯೋ ಥಂಡಿ, ಏಕಾಏಕಿ ಇಳಿದ್ರೆ ಉಸಿರು ಸಿಕ್ಕಾಕೊಂಡು ಈಜು ಬರೋನೂ ಮುಳುಗ್ತಾನೆ. ಯುರೋಪಿನ ಕೆರೆ ನದಿಗಳಲ್ಲಿ ನಮ್ಮ ದೇಶದ ಮಕ್ಕಳು ಮುಳುಗಿ ಸತ್ತ ಸುದ್ದಿ ಪೇಪರಲ್ಲಿ ಬರ್ತಾನೇ ಇರತ್ತೆ, ಪ್ರತಿ ಸಲ ಓದಿದಾಗ್ಲೂ ನನಗೆ ರಾತ್ರಿ ನಿದ್ದೆ ಬರಲ್ಲ. ಲೈಫ್‌ಗಾರ್ಡ್ ಇರೋ ಜಾಗದಲ್ಲೇ ಇಳೀರಿ, ವಾನ್‌ಸೇಲಿ ಟಿಕೆಟ್ ತಗೊಂಡು ಹೋಗೋ ದೊಡ್ಡ ಸ್ನಾನಘಟ್ಟ ಇದೆ. ಬಿಯರ್ ಕುಡಿದು ಇಳೀಬೇಡಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆ ಮೇಲೆ ಬೇರೆಯವರು ನಡೀತಿದಾರೆ ಅಂತ ನೀವೂ ನಡೀಬೇಡಿ.

ಚಳಿಗಾಲದ್ದೇ ಇನ್ನೊಂದು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆ ಒಳಗೇ ಸೂರ್ಯ ಮುಳುಗ್ತಾನೆ. ಎಕ್ಸಾಮ್ ಫೇಲು, ಪಾರ್ಟ್‌ಟೈಮ್ ಕೆಲಸ ಇಲ್ಲ, ಊರಲ್ಲಿ ಸಾಲ, ಹಂಗಾಗಿ ರೂಮಿಂದ ಆಚೆ ಬರದೇ ಇರೋ ಮಕ್ಕಳು ಇದಾರೆ. ಮನೆಗೆ ಮಾತ್ರ ವಿಡಿಯೋ ಕಾಲಲ್ಲಿ ನಗ್ತಾರೆ. ಬರ್ಲಿನ್ ಸ್ಟುಡಿಯರೆಂಡನ್‌ವೆರ್ಕ್ ಅನ್ನೋ ವಿದ್ಯಾರ್ಥಿ ಸೇವಾ ಸಂಸ್ಥೇಲಿ ಸ್ಟೂಡೆಂಟ್‌ಗಳಿಗೆ ಕೌನ್ಸೆಲಿಂಗ್ ಫ್ರೀ ಇದೆ. ಕ್ಲಾಸಲ್ಲಿ ನಾಲ್ಕು ದಿನ ಕಾಣದೇ ಇರೋ ಗೆಳೆಯನ ಬಾಗಿಲು ತಟ್ಟಿ, ಬೈದ್ರೂ ಬೈಲಿ.

ಅಪ್ಪ ಅಮ್ಮಂದಿರಿಗೆ ನನ್ನ ಕೋರಿಕೆ, ಊಟ ಆಯ್ತಾ ಅಂತ ಕೇಳೋ ಜೊತೆಗೆ ಇದನ್ನೂ ಕೇಳಿ ಬರೆದಿಟ್ಕೊಳ್ಳಿ: ಮನೆ ಪೂರ್ತಿ ಅಡ್ರೆಸ್, ಬಾಗಿಲ ಮೇಲೆ ಯಾರ ಹೆಸರಿದೆ (ಇಲ್ಲಿ ಫ್ಲ್ಯಾಟ್ ನಂಬರ್ ಅಷ್ಟಾಗಿ ಇರಲ್ಲ, ಬೆಲ್ ಪಕ್ಕ ಹೆಸರು ನೋಡೇ ಹುಡುಕ್ಬೇಕು), ಇನ್ಶೂರೆನ್ಸ್ ಕಾರ್ಡ್ ಫೋಟೋ, ಜೊತೇಲಿರೋ ಒಬ್ರ ನಂಬರ್, ಪಾಸ್‌ಪೋರ್ಟ್ ಕಾಪಿ. ಆಮೇಲೆ ಒಂದು ಸಲ ನಿಮ್ಮ ಬಾಯಿಂದಲೇ ಹೇಳಿ, "ಏನಾದ್ರೂ ಆದ್ರೆ ಪೊಲೀಸರನ್ನ ಕರಿ ಮಗಾ, ನಾವು ಬೈಯಲ್ಲ" ಅಂತ.